ಕೋಪ ಮಾಡಿಕೊಳ್ಳದ ಕೋಚ್

ಮಕ್ಕಳ ಬೇಸ್‌ಬಾಲ್ ತಂಡದ ಕುರೋಬೆ ಕೋಚ್‌ಗೆ ಕಾಫಿ ಕೊಡುವಾಗ ಕಪ್ಪಿನ ಹಿಡಿ ಅವರ ಬಲಗೈ ಕಡೆಗೆ ಇರಬೇಕು. ಸಕ್ಕರೆ ಕಲಕಿಯೇ ತರಬೇಕು, ಚಮಚ ತಟ್ಟೆಯಲ್ಲಿ ಕಾಣಬಾರದು. ಮುಖ ಒರೆಸಿಕೊಳ್ಳಲು ಬಿಸಿನೀರಿನಲ್ಲಿ ಅದ್ದಿ ಹಿಂಡಿದ ಟವೆಲ್ಲನ್ನು ಕಪ್ಪಿನ ಪಕ್ಕದಲ್ಲಿ ಮಡಚಿಡಬೇಕು. ಬೇಸಿಗೆಯಲ್ಲಾದರೆ ತಣ್ಣನೆಯ ಬಾರ್ಲಿ ಚಹಾ, ಆದರೆ ಅದರಲ್ಲಿ ಐಸ್ ತೇಲುತ್ತಿರಬಾರದು. ಐಸ್ ಅವರ ಹಲ್ಲಿಗೆ ತಾಗಿದ ದಿನ ಮಕ್ಕಳು ಮೈದಾನವನ್ನು ಹೆಚ್ಚು ಸುತ್ತಬೇಕಾಗುತ್ತಿತ್ತು. ಇದನ್ನೆಲ್ಲ ಯಾರೂ ಎಲ್ಲಿಯೂ ಬರೆದಿಟ್ಟಿರಲಿಲ್ಲ. ಹಳೆಯ ತಾಯಂದಿರು ಹೊಸ ತಾಯಂದಿರಿಗೆ ಬಾಯಿಂದ ಬಾಯಿಗೆ ದಾಟಿಸುತ್ತ ಬಂದಿದ್ದರು. ಮಕ್ಕಳು ದೊಡ್ಡವರಾಗಿ ತಂಡ ಬಿಟ್ಟು, ಮದುವೆಯಾಗಿ ಒಸಾಕಾ ಸೇರಿದ್ದರೂ ಅವರ ಅಮ್ಮಂದಿರು ಬಿಟ್ಟುಹೋದ ಕಾಫಿಯ ಕಟ್ಟಳೆ ಮಾತ್ರ ಶಿಯೊಹಾಮಾದ ನದಿ ದಂಡೆಯ ಮೈದಾನದಲ್ಲಿ ಹಾಗೆಯೇ ಉಳಿದಿತ್ತು.

ತೊಮೋಯೆಗೆ ಅದನ್ನು ಕಲಿಸಿದವಳು ಇಸೊಗಾಯಿ. ಇಬ್ಬರು ಗಂಡುಮಕ್ಕಳನ್ನು ಈ ತಂಡದಲ್ಲಿ ಆಡಿಸಿ ಮುಗಿಸಿ, ಈಗ ಮೂರನೆಯವನನ್ನು ಆಡಿಸುತ್ತಿದ್ದ ಹಿರಿಯ ತಾಯಿ. ತೊಮೋಯೆಗೆ ಮೊದಲೇ ಮಾತು ಕಡಿಮೆ. ಮೀನಿನ ವಡೆ ಮಾಡುವ ಕಾರ್ಖಾನೆಯಲ್ಲಿ ಬೆಳಗಿನ ಪಾಳಿಯ ಕೆಲಸ. ಅಲ್ಲಿ ಯಂತ್ರದ ಸದ್ದಿಗೆ ಯಾರೂ ಮಾತಾಡುವುದಿಲ್ಲವೆಂದೇ ಅವಳು ಆ ಕೆಲಸ ಹಿಡಿದಿದ್ದಳು. ಮೈದಾನದಲ್ಲಿ ಅವಳಿಗೆ ಹೆಸರೂ ಇರಲಿಲ್ಲ. ಎಲ್ಲರಿಗೂ ಅವಳು ನಾಗಿಸಾ ಅಮ್ಮ.

ಮಗಳು ನಾಗಿಸಾಗೆ ಹತ್ತು ವರ್ಷ. ಎರಡು ವರ್ಷದ ಹಿಂದೆ ತಂಡಕ್ಕೆ ಸೇರಿದಾಗ ಅವಳ ಗಂಟಲು ನದಿಯ ಆಚೆ ದಡಕ್ಕೆ ಕೇಳುತ್ತಿತ್ತು. ಚೆಂಡು ಆಕಾಶಕ್ಕೆ ಎದ್ದರೆ ಸಾಕು, "ನಂದು, ನಂದು" ಎಂದು ಬೊಬ್ಬೆ ಹೊಡೆಯುತ್ತ ಯಾರದ್ದೋ ಜಾಗಕ್ಕೂ ನುಗ್ಗಿ ಹಿಡಿಯುತ್ತಿದ್ದಳು. ಈಗ ಹಾಗಿಲ್ಲ. ಚೆಂಡು ಎದ್ದ ಕೂಡಲೇ ಅವಳ ಕತ್ತು ಮೊದಲು ಬೆಂಚಿನ ಕಡೆಗೆ ತಿರುಗುತ್ತದೆ. ಕೋಚ್ ಮುಖ ನೋಡುತ್ತಾಳೆ. ಆಮೇಲೆ ಚೆಂಡು ನೋಡುತ್ತಾಳೆ. ಅಷ್ಟು ಹೊತ್ತಿಗೆ ಚೆಂಡು ಅವಳಿಗಾಗಿ ಕಾಯುತ್ತಿರುವುದಿಲ್ಲ.

ತೊಮೋಯೆ ಇದನ್ನು ಬಹಳ ದಿನದಿಂದ ಗಮನಿಸಿದ್ದಳು. ನಾಗಿಸಾ ಒಬ್ಬಳೇ ಅಲ್ಲ, ಒಂಬತ್ತು ಮಕ್ಕಳ ಕತ್ತೂ ಒಂದೇ ದಾರದಲ್ಲಿ ಕಟ್ಟಿದಂತೆ ಬೆಂಚಿನ ಕಡೆ ತಿರುಗುತ್ತಿದ್ದವು. ಆದರೆ ಹೇಳುವುದು ಯಾರಿಗೆ? ಕುರೋಬೆ ಚಾಪೆ ಅಂಗಡಿಯ ಯಜಮಾನರು. ಇಪ್ಪತ್ತು ವರ್ಷದಿಂದ ಬಿಟ್ಟಿಯಾಗಿ ಊರ ಮಕ್ಕಳನ್ನು ತಿದ್ದುತ್ತಿದ್ದವರು. ಸಂಬಳ ತೆಗೆದುಕೊಳ್ಳುವವರನ್ನಾದರೆ ಒಂದು ಮಾತು ಕೇಳಬಹುದು. ಉಪಕಾರ ಮಾಡುವವರನ್ನು ಕೇಳುವುದು ಹೇಗೆ?

ವಸಂತದ ಪಂದ್ಯಾವಳಿಗೆ ಇನ್ನೊಂದು ವಾರವಿತ್ತು. ಸ್ನಾನ ಮುಗಿಸಿ ಅಮ್ಮನ ಮುಂದೆ ತಲೆ ಒರೆಸಿಸಿಕೊಳ್ಳುತ್ತ ನಾಗಿಸಾ ಮೆಲ್ಲಗೆ ಹೇಳಿದಳು.

"ಅಮ್ಮಾ, ಈ ಪಂದ್ಯ ಆದ್ಮೇಲೆ ನಾನು ಬಿಟ್ಬಿಡ್ತೀನಿ."

"ಯಾಕೆ?"

"ಸುಸ್ತಾಗತ್ತೆ."

"ಓಡಿ ಓಡಿಯಾ?"

"ಅಲ್ಲ. ನೋಡಿ ನೋಡಿ."

ತೊಮೋಯೆಯ ಕೈ ಟವೆಲ್ಲಿನಲ್ಲೇ ನಿಂತಿತು. ಮಗಳು ಬಿಟ್ಟರೆ ತಂಡದಲ್ಲಿ ಎಂಟೇ ಮಕ್ಕಳು ಉಳಿಯುತ್ತಾರೆ, ಎಂಟು ಜನರಿಗೆ ಬೇಸ್‌ಬಾಲ್ ಇಲ್ಲ, ತಂಡವೇ ಮುಚ್ಚುತ್ತದೆ ಎಂಬುದು ಅವಳಿಗೆ ಗೊತ್ತಿತ್ತು. ಆದರೆ ಎದೆಗೆ ಚುಚ್ಚಿದ್ದು ಅದಲ್ಲ. ಗ್ಲೌಸ್ ತಬ್ಬಿಕೊಂಡು ಮಲಗುತ್ತಿದ್ದ ಹುಡುಗಿ ಈ ಮಾತನ್ನು ಅಳದೆ ಹೇಳಿದ್ದಳು. ಅಳು ಬರುವಷ್ಟು ಆಸೆಯೂ ಅವಳಲ್ಲಿ ಉಳಿದಿರಲಿಲ್ಲ.

ಬೇರೆ ತಂಡಗಳಲ್ಲೂ ಇದೇ ಕಥೆ. ಮಕ್ಕಳು ಒಬ್ಬೊಬ್ಬರಾಗಿ ಫುಟ್‌ಬಾಲ್ ಕಡೆಗೆ ಜಾರುತ್ತಿದ್ದರು. ಅದಕ್ಕೇ ಊರಿನ ಮಕ್ಕಳ ಬೇಸ್‌ಬಾಲ್ ಸಂಘದ ಅಧ್ಯಕ್ಷರು, ವೃತ್ತಿಯಲ್ಲಿ ಹಲ್ಲಿನ ವೈದ್ಯರು, ಆ ವರ್ಷ ಹೊಸದೊಂದು ನಿಯಮ ತಂದರು. ಪಂದ್ಯದಲ್ಲಿ ಯಾವ ಕೋಚೂ ಮಕ್ಕಳ ಮೇಲೆ ಕೋಪ ಮಾಡಿಕೊಳ್ಳುವಂತಿಲ್ಲ. ಮಾಡಿಕೊಂಡರೆ ಕೆಂಪು ಟೇಪಿನಲ್ಲಿ ಅಡ್ಡಗೆರೆ ಅಂಟಿಸಿದ ಬಿಳಿ ಮಾಸ್ಕ್ ಹಾಕಿಕೊಂಡು ಪಂದ್ಯ ಮುಗಿಯುವವರೆಗೂ ಕೂರಬೇಕು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವರು ಆ ಸಭೆಯಲ್ಲಿ ಒಬ್ಬರೂ ಇರಲಿಲ್ಲ. ಎಲ್ಲರೂ ಪಕ್ಕದವರ ಹೆಗಲನ್ನೇ ನೋಡುತ್ತಿದ್ದರು. ಕುರೋಬೆಯವರಂತೂ ಎದ್ದು ನಿಂತು, ನಮ್ಮ ಊರಿನಲ್ಲಿ ಕೆಲವರು ವಿಪರೀತ ಕೂಗಾಡುತ್ತಾರೆ, ಅಂಥವರಿಗೆ ಇದು ಬೇಕಾಗಿತ್ತು ಎಂದು ಬೆಂಬಲ ಕೊಟ್ಟರು. ಆ ಮಾತು ಹೊರಗೆ ಸೈಕಲ್ ನಿಲ್ಲಿಸುತ್ತಿದ್ದವರಿಗೂ ಕೇಳಿಸಿತು.

ಮಾಸ್ಕ್ ಹಾಕಿಸುವವರು ಯಾರು ಎಂದು ಯಾರೋ ಕೇಳಿದರು. ಸಭೆ ಸ್ವಲ್ಪ ಹೊತ್ತು ಚಾವಣಿ ನೋಡಿತು. ಅಧ್ಯಕ್ಷರು ಗಂಟಲು ಸರಿಮಾಡಿಕೊಂಡು, ಅದನ್ನು ಆಯಾ ತಂಡದಲ್ಲಿ ಅಂದು ಚಹಾ ಕಾಫಿ ಕೊಡುವ ಸರದಿಯ ತಾಯಂದಿರು ನೋಡಿಕೊಳ್ಳಲಿ ಎಂದರು. ಯಾರ ಕೆಲಸವೆಂದು ಗೊತ್ತಾಗದ ಕೆಲಸವೆಲ್ಲ ಆ ಊರಿನಲ್ಲಿ ಕೊನೆಗೆ ಬಂದು ಸೇರುತ್ತಿದ್ದುದು ಅಲ್ಲಿಗೇ. ಪಂದ್ಯದ ದಿನ ಸರದಿ ತೊಮೋಯೆಯದು.

ಸಂಘದವರು ಒಂದು ಮಧ್ಯಾಹ್ನ ತರಬೇತಿಯನ್ನೂ ಇಟ್ಟರು. ಒಳ್ಳೆಯ ಕೋಚ್ ಹೇಗಿರಬೇಕು, ಮಕ್ಕಳಿಗೆ ದಾರಿ ತೋರುವವನ ಗುಣಗಳೇನು ಎಂದು ಟೋಕಿಯೊದಿಂದ ಬಂದ ಯಾರೋ ತೆರೆಯ ಮೇಲೆ ಚಿತ್ರ ತೋರಿಸಿ ವಿವರಿಸಿದರು. ಕುರೋಬೆ ಅದನ್ನೆಲ್ಲ ಶ್ರದ್ಧೆಯಿಂದ ಕೇಳಿ, ಮರುದಿನವೇ ಜಾರಿಗೆ ತಂದರು.

ಮಕ್ಕಳ ಕಣ್ಣಿನ ಮಟ್ಟಕ್ಕೆ ಇಳಿದು ಮಾತಾಡಬೇಕು ಎಂದಿದ್ದರಂತೆ. ಅವರು ಮಂಡಿ ಹಿಡಿದುಕೊಂಡು ಕುಕ್ಕರುಗಾಲಿನಲ್ಲಿ ಕೂತು ಗದರತೊಡಗಿದರು. ಮೊದಲಾದರೆ ಉಗುಳು ಮಕ್ಕಳ ಟೋಪಿಯ ಮೇಲಿಂದ ಹಾರಿಹೋಗುತ್ತಿತ್ತು, ಈಗ ನೇರ ಮುಖಕ್ಕೆ ಬಂತು. ಹೊಗಳಬೇಕು ಎಂದಿದ್ದರು. ಅವರು ಹೊಗಳಿದರು, "ಚೆನ್ನಾಗಿತ್ತು" ಎಂದು ಅವರು ಅಬ್ಬರಿಸಿದ ರಭಸಕ್ಕೆ ತಂಡದ ನಾಯಕ ಸೊಸುಕೆ, ಇಸೊಗಾಯಿಯ ಮೂರನೆಯ ಮಗ, ಬ್ಯಾಟ್ ಕೆಳಗೆ ಹಾಕಿ ಕ್ಷಮೆ ಕೇಳಿದ. ಮಕ್ಕಳೇ ಯೋಚಿಸುವಂತೆ ಮಾಡಬೇಕು ಎಂದಿದ್ದರು. "ಯೋಚ್ನೆ ಮಾಡು. ಅಲ್ಲೇ ನಿಂತ್ಕೊಂಡು ಯೋಚ್ನೆ ಮಾಡು. ಯೋಚ್ನೆ ಮುಗಿಯೋವರೆಗೂ ನೀರಿಲ್ಲ," ಎಂದು ಒಬ್ಬನನ್ನು ಬಿಸಿಲಿನಲ್ಲಿ ನಿಲ್ಲಿಸಿದರು. ಸಂಜೆ ಕಾಫಿ ಕುಡಿಯುತ್ತ, ಇದೆಲ್ಲ ತಾನು ಇಪ್ಪತ್ತು ವರ್ಷದಿಂದ ಮಾಡಿಕೊಂಡು ಬಂದದ್ದೇ, ಟೋಕಿಯೊದವರಿಗೆ ಈಗ ಗೊತ್ತಾಗಿದೆ ಎಂದರು. ತಾಯಂದಿರು ಹೌದು ಹೌದು ಎಂದು ತಲೆಯಾಡಿಸಿದರು.

ಪಂದ್ಯದ ಬೆಳಿಗ್ಗೆ ತೊಮೋಯೆ ಎಲ್ಲರಿಗಿಂತ ಮೊದಲು ಬಂದು ಬೆಂಚು ಒರೆಸಿ, ಫ್ಲಾಸ್ಕು ಇಟ್ಟು, ಅನ್ನದ ಉಂಡೆಗಳ ಡಬ್ಬಿಯನ್ನು ನೆರಳಿಗೆ ಸರಿಸಿದಳು. ಏಪ್ರನ್ನಿನ ಒಂದು ಜೇಬಿನಲ್ಲಿ ಸಕ್ಕರೆ, ಇನ್ನೊಂದರಲ್ಲಿ ಮಾಸ್ಕ್. ಮಾಸ್ಕ್ ಇದ್ದ ಜೇಬು ಕೆಂಡ ಕಟ್ಟಿಕೊಂಡಂತೆ ಸುಡುತ್ತಿತ್ತು.

ಇಸೊಗಾಯಿ ಪಕ್ಕಕ್ಕೆ ಬಂದು ದನಿ ತಗ್ಗಿಸಿದಳು. "ನಾಗಿಸಾ ಅಮ್ಮ, ಅದನ್ನ ಜೇಬಲ್ಲೇ ಇಟ್ಕೊಂಡಿರಿ ಸಾಕು. ಹೊರಗೆ ತೆಗೀಬೇಕು ಅಂತೇನಿಲ್ಲ. ನಿಯಮ ಅಂದ್ರೆ ಇರಬೇಕು ಅಷ್ಟೇ."

"ಅವ್ರು ಕೋಪ ಮಾಡ್ಕೊಂಡ್ರೆ?"

"ನಾವು ನೋಡದೇ ಇದ್ರೆ ಆಯ್ತು ಕಣ್ರೀ. ನಂಗೆ ಹೂವಿನ ಪರಾಗ ತಾಗಿದ್ರೆ ಕಣ್ಣುರಿ. ವಸಂತ ಬಂತು ಅಂದ್ರೆ ನಂಗೇನೂ ಕಾಣ್ಸೋದೇ ಇಲ್ಲ."

ಆಟ ಶುರುವಾಯಿತು. ಕುರೋಬೆ ಮೊದಲ ಎರಡು ಇನಿಂಗ್ಸ್ ತಡೆದುಕೊಂಡರು. ಬಾಯಿ ಮುಚ್ಚಿಕೊಂಡಿದ್ದರೂ ಅವರ ಮುಖವೇ ಕೂಗುತ್ತಿತ್ತು. ಹುಬ್ಬು ಒಂದು ಹೇಳಿದರೆ ದವಡೆ ಇನ್ನೊಂದು ಹೇಳುತ್ತಿತ್ತು. ಮಕ್ಕಳು ಎಂದಿಗಿಂತ ಹೆಚ್ಚು ಬೆಂಚಿನ ಕಡೆ ನೋಡತೊಡಗಿದರು. ದನಿಯಾದರೆ ಬೆನ್ನು ತಿರುಗಿಸಿದ್ದರೂ ಕೇಳುತ್ತದೆ, ಮುಖವನ್ನು ಓದಲು ತಿರುಗಲೇಬೇಕಲ್ಲ.

ಮೂರನೆಯ ಇನಿಂಗ್ಸ್‌ನಲ್ಲಿ ಎದುರಾಳಿ ಹುಡುಗನೊಬ್ಬ ಎಡ ಮೈದಾನದ ಕಡೆಗೆ ಚೆಂಡನ್ನು ಎತ್ತಿ ಹೊಡೆದ. ಅಲ್ಲಿದ್ದವಳು ನಾಗಿಸಾ. ಸುಲಭದ ಚೆಂಡು. ಗಾಳಿಯಲ್ಲಿ ನಿಧಾನಕ್ಕೆ ಸಾಗಿ ಅವಳ ನೆತ್ತಿಯ ಮೇಲೆಯೇ ಬಂತು. ನಾಗಿಸಾ ಬೆಂಚಿನತ್ತ ತಿರುಗಿದಳು. ಚೆಂಡು ಅವಳ ಭುಜಕ್ಕೆ ತಾಗಿ ಹುಲ್ಲಿನಲ್ಲಿ ಉರುಳಿತು. ಎರಡು ಓಟ ಹೋದವು.

ಕುರೋಬೆ ಎದ್ದರು. ಬ್ಯಾಟುಗಳಿದ್ದ ಬಕೆಟ್ಟನ್ನು ಒದ್ದರು.

"ಎಲ್ಲಿ ನೋಡ್ತಿದೀಯೇ? ಚೆಂಡು ಇಲ್ಲಿದೆಯಾ, ನನ್ ಮುಖದಲ್ಲಿ? ನಿನ್ನಂಥವಳನ್ನ ಕಟ್ಕೊಂಡು ನಾನು ಆಡಿಸ್ಬೇಕಲ್ಲ."

ಎದುರಾಳಿ ಕೋಚ್ ತಮ್ಮ ಶೂ ದಾರ ಬಿಚ್ಚಿ ಮತ್ತೆ ಕಟ್ಟಿಕೊಂಡರು. ಅಧ್ಯಕ್ಷರು ನದಿಯ ಕೊಕ್ಕರೆ ನೋಡಿದರು. ಇಸೊಗಾಯಿ ಕಣ್ಣುಜ್ಜಿಕೊಂಡಳು. ಅಂಪೈರ್ ಮಾತ್ರ, ಬೇರೆ ದಾರಿಯಿಲ್ಲದೆ, ಚಹಾ ಮೇಜಿನ ಕಡೆ ನೋಡಿದರು.

ತೊಮೋಯೆ ದೂರದಲ್ಲಿ ನಿಂತ ಮಗಳನ್ನು ನೋಡಿದಳು. ನಾಗಿಸಾ ಅಳುತ್ತಿರಲಿಲ್ಲ. ಗ್ಲೌಸನ್ನು ಕೈಯಿಂದ ಕಳಚುತ್ತಿದ್ದಳು. ಪಂದ್ಯ ಮುಗಿಯುವವರೆಗೂ ಕಾಯುವುದಿಲ್ಲ ಇವಳು, ಈಗಲೇ ಬಿಡುತ್ತಾಳೆ ಎಂದು ತಾಯಿಗೆ ತಿಳಿಯಿತು.

ಹೋಗಿ ಮಾತಾಡುವುದಾದರೆ ತೊಮೋಯೆಯಿಂದ ಆಗುತ್ತಿರಲಿಲ್ಲ. ಕೋಚ್ ಎದುರು ಅವಳ ಬಾಯಿಂದ ಇದುವರೆಗೆ ಬಂದದ್ದು ತಗೊಳ್ಳಿ ಎಂಬ ಒಂದೇ ಮಾತು. ಆದರೆ ಆ ಒಂದು ಮಾತು ಹೇಳುವುದು ಅವಳಿಗೆ ಚೆನ್ನಾಗಿ ಬರುತ್ತಿತ್ತು. ಅವಳು ತಟ್ಟೆ ತೆಗೆದುಕೊಂಡಳು. ಬಿಸಿ ಕಾಫಿ ಬಗ್ಗಿಸಿ, ಸಕ್ಕರೆ ಕಲಕಿ, ಚಮಚ ತೆಗೆದಿಟ್ಟು, ಕಪ್ಪಿನ ಹಿಡಿಯನ್ನು ಬಲಕ್ಕೆ ತಿರುಗಿಸಿದಳು. ಕಪ್ಪಿನ ಪಕ್ಕದಲ್ಲಿ, ಟವೆಲ್ ಇಡುವ ಜಾಗದಲ್ಲಿ, ಮಾಸ್ಕನ್ನು ಅಂದವಾಗಿ ಮಡಚಿಟ್ಟಳು. ಎರಡೂ ಕೈಯಲ್ಲಿ ಹಿಡಿದು, ಬೆಂಚಿನ ಮುಂದೆ ಬಾಗಿ ನಿಂತಳು.

"ತಗೊಳ್ಳಿ," ಎಂದಳು.

ಇಪ್ಪತ್ತು ವರ್ಷದಿಂದ ತಟ್ಟೆಯಲ್ಲಿ ಬಂದದ್ದನ್ನು ತೆಗೆದುಕೊಂಡು ಅಭ್ಯಾಸವಾದ ಕೈ ಅದು. ಕಣ್ಣು ಇನ್ನೂ ಎಡ ಮೈದಾನದ ಮೇಲೆ ಉರಿಯುತ್ತಿರುವಾಗಲೇ ಕೈ ಮುಂದೆ ಬಂತು. ಕುರೋಬೆ ಕಾಫಿಯನ್ನು ಒಂದು ಗುಟುಕು ಕುಡಿದು ಬೆಂಚಿನ ಮೇಲಿಟ್ಟರು, ಮಡಚಿದ ಬಟ್ಟೆ ಎತ್ತಿಕೊಂಡು ಮುಖ ಒರೆಸಿಕೊಳ್ಳಲು ಹೋದರು. ಒರಟಾದ ಟೇಪು ಮೂಗಿಗೆ ತಾಗಿತು. ಬಿಡಿಸಿ ನೋಡಿದರು. ಸುತ್ತ ನೋಡಿದರು. ಈಗ ಎಲ್ಲರೂ ಇವರನ್ನೇ ನೋಡುತ್ತಿದ್ದರು, ಕೊಕ್ಕರೆಯೂ ಹಾರಿಹೋಗಿತ್ತು. ತೆಗೆದುಕೊಂಡ ವಸ್ತುವನ್ನು ಬಾಗಿ ನಿಂತ ಹೆಂಗಸಿನ ತಟ್ಟೆಗೆ ವಾಪಸ್ ಎಸೆಯುವುದು ಸಭ್ಯತೆಯಲ್ಲ. ಅಲ್ಲದೆ ಎದ್ದು ನಿಂತು ಈ ನಿಯಮಕ್ಕೆ ಬೆಂಬಲ ಕೊಟ್ಟವರು ಅವರೇ.

ಕುರೋಬೆ ಮಾಸ್ಕ್ ಹಾಕಿಕೊಂಡು ಕೂತರು. ಟೋಪಿಯ ಅಂಚು ಕೆಳಗೆಳೆದುಕೊಂಡರು. ಈಗ ಟೋಪಿಗೂ ಮಾಸ್ಕಿಗೂ ನಡುವೆ ಓದಿಕೊಳ್ಳಲು ಏನೂ ಉಳಿದಿರಲಿಲ್ಲ.

ನಾಗಿಸಾ ಕಳಚುತ್ತಿದ್ದ ಗ್ಲೌಸ್ ಅರ್ಧ ಕೈಯಲ್ಲೇ ನಿಂತಿತು.

ಮುಂದಿನ ಚೆಂಡಿಗೆ ಒಂಬತ್ತು ಕತ್ತುಗಳೂ ಎಂದಿನಂತೆ ಬೆಂಚಿನ ಕಡೆಗೆ ತಿರುಗಿದವು. ಅಲ್ಲಿ ಒಂದು ಕೆಂಪು ಅಡ್ಡಗೆರೆ ಮಾತ್ರ ಇತ್ತು. ಮಕ್ಕಳು ಕಕ್ಕಾಬಿಕ್ಕಿಯಾದರು. ಇಬ್ಬರು ಒಂದೇ ಚೆಂಡಿಗೆ ಓಡಿ ಢಿಕ್ಕಿ ಹೊಡೆದುಕೊಂಡು ಬಿದ್ದರು. ಬಿದ್ದಲ್ಲೇ ಬೆಂಚಿನ ಕಡೆ ನೋಡಿದರು. ಅಲ್ಲಿ ಏನೂ ಆಗಲಿಲ್ಲ. ಬಿದ್ದವರಲ್ಲಿ ಒಬ್ಬನಾದ ಸೊಸುಕೆಗೆ ಯಾಕೋ ನಗು ಬಂತು.

"ಯಾರಾದ್ರೂ ಒಬ್ರು ನಂದು ಅನ್ರೋ," ಎಂದ ಅವನು. "ಸುಮ್ನೆ ಓಡ್ಬಂದು ಗುದ್ತೀಯಲ್ಲ, ಎತ್ತಿನ ಥರ."

"ನೀನೇ ಎತ್ತು," ಎಂದ ಬಿದ್ದಿದ್ದ ಇನ್ನೊಬ್ಬ.

ಅಲ್ಲಿಂದ ಆಟ ಬೇರೆಯಾಯಿತು. ಚೆನ್ನಾಗಿ ಆಡಿದರು ಎಂದೇನಲ್ಲ. ಎಸೆಯಬೇಕಾದಲ್ಲಿ ಎಸೆಯಲಿಲ್ಲ, ನಿಲ್ಲಬೇಕಾದಲ್ಲಿ ಓಡಿದರು. ಆದರೆ ಗದ್ದಲವೆದ್ದಿತು. ಒಬ್ಬರಿಗೊಬ್ಬರು ಕೂಗಿದರು, ಬೈದುಕೊಂಡರು, ಹಿಡಿದಾಗ ಹಾರಿದರು. ಐದನೆಯ ಇನಿಂಗ್ಸ್‌ನಲ್ಲಿ ಮತ್ತೆ ಎಡ ಮೈದಾನಕ್ಕೆ ಚೆಂಡು ಎದ್ದಿತು, ಈ ಬಾರಿ ದೂರಕ್ಕೆ, ಕಷ್ಟದ್ದು. ನಾಗಿಸಾಳ ಕತ್ತು ಬೆಂಚಿನತ್ತ ಹೊರಟು, ಅರ್ಧ ದಾರಿಯಲ್ಲಿ ನಿಂತು, ಆಕಾಶಕ್ಕೆ ಹೊರಳಿತು.

"ನಂದು, ನಂದು, ನಂದು."

ಆ ಗಂಟಲು ನದಿ ದಾಟಿತು. ಹಿಂದಕ್ಕೆ ಓಡಿ, ಮುಗ್ಗರಿಸಿ, ಬೆನ್ನ ಮೇಲೆ ಬಿದ್ದು, ಗ್ಲೌಸ್ ಎತ್ತಿ ತೋರಿಸಿದಳು. ಬಿಳಿಯ ಚೆಂಡು ಅದರೊಳಗಿತ್ತು.

ಪಂದ್ಯವನ್ನು ಒಂದು ಓಟದಿಂದ ಸೋತರು.

ಸೋತ ಮೇಲೆ ಪಶ್ಚಾತ್ತಾಪದ ಸಭೆ ವಾಡಿಕೆ. ಗೆದ್ದರೂ ಅದು ಇದ್ದೇ ಇತ್ತು. ಮಕ್ಕಳು ಸಾಲಾಗಿ ನಿಂತು ತಮ್ಮ ತಮ್ಮ ತಪ್ಪು ಒಪ್ಪಿಕೊಳ್ಳಬೇಕು. ಆದರೆ ಅಂದು ಸಾಲಿನಲ್ಲಿ ನಿಂತ ಮೇಲೂ ಅವರು ಗುಸುಗುಸು ನಿಲ್ಲಿಸಲಿಲ್ಲ. ಯಾರು ಯಾರಿಗೆ ಗುದ್ದಿದ್ದು ಎಂಬುದು ಇನ್ನೂ ತೀರ್ಮಾನವಾಗಿರಲಿಲ್ಲ. ಕುರೋಬೆ ಮಾಸ್ಕ್ ತೆಗೆದು ಬಾಯಿ ತೆರೆದರು. ಅಷ್ಟರಲ್ಲಿ ಅಧ್ಯಕ್ಷರು ಬಂದು ಅವರ ಕೈ ಕುಲುಕಿ, ಇಂಥ ಉತ್ಸಾಹದ ತಂಡವನ್ನು ಈ ವರ್ಷ ನೋಡಿರಲಿಲ್ಲ, ಮಕ್ಕಳನ್ನು ಅವರ ಪಾಡಿಗೆ ಬಿಟ್ಟು ಮೌನವಾಗಿ ಕೂರುವುದು ಎಲ್ಲರಿಗೂ ಆಗುವ ಮಾತಲ್ಲ ಎಂದರು. ಕುರೋಬೆ ತೆರೆದ ಬಾಯನ್ನು ಒಮ್ಮೆ ಮುಚ್ಚಿದರು. ಆಮೇಲೆ ತೆರೆದು, ವಿನಯದಿಂದ ನುಡಿದರು.

"ಮೂರನೇ ಇನಿಂಗ್ಸ್‌ನಿಂದ ಸುಮ್ನಿರ್ಬೇಕು ಅಂತ ಮೊದ್ಲೇ ಅಂದ್ಕೊಂಡಿದ್ದೆ."

ಮುಂದಿನ ತರಬೇತಿಯಲ್ಲಿ ಮೌನದ ಬಗ್ಗೆ ಮಾತಾಡಲು ಅವರನ್ನೇ ಕರೆದರು. ನಿಗದಿಯಾದ ಸಮಯಕ್ಕಿಂತ ತುಂಬಾ ಹೆಚ್ಚು ಹೊತ್ತು ಮಾತಾಡಿದರಂತೆ.

ಮನೆಗೆ ಹೋಗುವಾಗ ಸೈಕಲ್ಲಿನ ಹಿಂದೆ ಕೂತ ನಾಗಿಸಾ, ಮುಂದಿನ ಭಾನುವಾರ ಚಹಾ ಸರದಿ ಯಾರದು ಎಂದು ಕೇಳಿದಳು. ಸೊಸುಕೆ ಅಮ್ಮನದು ಎಂದಳು ತೊಮೋಯೆ.

"ಅವ್ರು ತಟ್ಟೇಲಿ ಅದನ್ನೂ ಇಡ್ತಾರಾ?"

"ಹೇಳ್ತೀನಿ."

"ಹೇಳ್ತೀಯಾ? ನೀನು?"

"ಹೇಳ್ತೀನಿ ಅಂದ್ನಲ್ಲ."

"ಹಂಗಾದ್ರೆ ಸರಿ. ಬರ್ತೀನಿ," ಎಂದು ನಾಗಿಸಾ ಅಮ್ಮನ ಬೆನ್ನಿಗೆ ಮುಖ ಒತ್ತಿದಳು.

ಮಳೆಗಾಲಕ್ಕೆ ಮೊದಲು ಹೊಸ ತಾಯಿಯೊಬ್ಬಳು ಸೇರಿದಳು. ಇಸೊಗಾಯಿ ಅವಳಿಗೆ ಕೆಲಸ ಕಲಿಸುತ್ತಿದ್ದುದು ತೊಮೋಯೆಯ ಕಿವಿಗೆ ಬಿತ್ತು. ಹಿಡಿ ಬಲಕ್ಕೆ, ಚಮಚ ಕಾಣಬಾರದು, ಕಪ್ಪಿನ ಪಕ್ಕದಲ್ಲಿ ಈ ಮಾಸ್ಕನ್ನು ಹೀಗೆ ಮಡಚಿಡಬೇಕು. ಇದು ಯಾಕೆ ಎಂದು ಹೊಸಬಳು ಕೇಳಿದಳು.

"ಅದೆಲ್ಲ ನಂಗೂ ಗೊತ್ತಿಲ್ಲ ಕಣ್ರೀ. ಇಲ್ಲಿ ಹಿಂದಿನಿಂದ ಹಂಗೇ ನಡ್ಕೊಂಡ್ ಬಂದಿದೆ," ಎಂದಳು ಇಸೊಗಾಯಿ.

ಎಡ ಮೈದಾನದಲ್ಲಿ ನಾಗಿಸಾಳ ಟೋಪಿ ಗಾಳಿಗೆ ಹಾರಿ ಹಿಂದೆ ಬಿದ್ದಿತ್ತು. ತೊಮೋಯೆ ಕೈಬೀಸಿದಳು, ಹೆಸರು ಹಿಡಿದು ಕರೆದಳು. ಚೆಂಡು ಮೇಲೆದ್ದಿತ್ತು. ಮಗಳು ಅಮ್ಮನ ಕಡೆಗೂ ತಿರುಗಿ ನೋಡಲಿಲ್ಲ.