ಮೂರನೇ ಸಲ ಕೇಳಲಿಲ್ಲ

ನಮ್ಮ ಮನೆತನದಲ್ಲಿ ಮೊದಲ ಸಲ ಕೇಳಿದಾಗಲೇ 'ಹೂಂ' ಅಂದವರು ಯಾರೂ ಇಲ್ಲ. ಯಾರು ಏನೇ ಕೊಡಲು ಬಂದರೂ ಎರಡು ಸಲ ಬೇಡ ಅನ್ನಬೇಕು. ಮೂರನೇ ಸಲ ಕೇಳಿದಾಗ 'ನಿಮಗೆ ತೊಂದರೆ ಇಲ್ಲ ಅಂದರೆ' ಎಂದು ಗೊಣಗಿ ತೆಗೆದುಕೊಳ್ಳಬೇಕು. ಮೊದಲ ಸಲಕ್ಕೇ ಕೈಚಾಚಿದವರನ್ನು ಅಮೆರಿಕದ ಮಿನೆಸೋಟದ ನಮ್ಮ ಕಡೆ ಯಾರೂ ಬಯ್ಯುವುದಿಲ್ಲ. ನಲವತ್ತು ವರ್ಷ ನೆನಪಿಟ್ಟುಕೊಳ್ಳುತ್ತಾರೆ, ಅಷ್ಟೇ.

ಅಪ್ಪ ವಿಲ್ಮರ್ ಬ್ರೆಕ್ಕೆ, ಅಮ್ಮ ಆರ್ಲಿಸ್, ಇಬ್ಬರೂ ಈ ವಿದ್ಯೆಯಲ್ಲಿ ಪಂಡಿತರು. ಇವತ್ತು ಅಮ್ಮನನ್ನು ಅಪ್ಪನ ಪಕ್ಕದಲ್ಲಿ ಮಣ್ಣು ಮಾಡಿ ಬಂದು, ಚರ್ಚಿನ ನೆಲಮಾಳಿಗೆಯಲ್ಲಿ ಕಾಫಿ ಕುಡಿಯುತ್ತಾ ಎಲ್ಲರೂ ಅವರ ಕತೆಗಳನ್ನೇ ಹೇಳಿಕೊಂಡು ನಕ್ಕೆವು. ಅಪ್ಪ ಮದುವೆಯಾಗುತ್ತೀಯಾ ಎಂದು ಮೊದಲು ಕೇಳಿದ್ದು ಏಪ್ರಿಲ್‌ನಲ್ಲಂತೆ. ಅಮ್ಮ ಬೇಡ ಅಂದಳು. ಮೆಕ್ಕೆಜೋಳ ಬಿತ್ತಿ ಮುಗಿಸಿ ಮತ್ತೆ ಕೇಳಿದ. ಬೇಡ. ಆಮೇಲೆ ಕೊಯ್ಲು ಮುಗಿಯುವ ತನಕ ಅವನಿಗೆ ಪುರುಸೊತ್ತಾಗಲಿಲ್ಲ. ಅಷ್ಟೂ ತಿಂಗಳು ಅಮ್ಮ ಅನ್ನ ನೀರು ಸೇರದೆ ಒಣಗಿದಳು. ನವೆಂಬರಿನಲ್ಲಿ ಮೂರನೇ ಸಲ ಕೇಳಿದಾಗ, ನಿನಗೆ ಬೇರೆ ಕೆಲಸ ಇಲ್ಲ ಅಂದರೆ ಆಗಬಹುದು ಅಂದಳಂತೆ. ಐವತ್ತೆರಡು ವರ್ಷ ಸಂಸಾರ ಮಾಡಿದರು.

ಕಾಳು ಮೇಲೆತ್ತುವ ಯಂತ್ರಕ್ಕೆ ಸಿಕ್ಕಿ ಅಪ್ಪನ ಎರಡು ಬೆರಳು ಹೋದ ದಿನ ಆಂಬುಲೆನ್ಸ್‌ನವರು ಬಂದು ಹತ್ತಿ ಅಂದರು. ರಕ್ತದ ಟವೆಲ್ ಹಿಡಿದುಕೊಂಡೇ ಅಪ್ಪ, ಬೇಡ ಬೇಡ, ದೂರದಿಂದ ಬಂದಿದ್ದೀರಿ, ಕಾಫಿ ಕುಡಿದು ಹೋಗಿ ಅಂದ. ಅವರೂ ಈ ಕಡೆಯವರೇ. ಅವರು ಕಾಫಿ ಬೇಡ ಅಂದರು, ಅಪ್ಪ ಆಂಬುಲೆನ್ಸ್ ಬೇಡ ಅಂದ. ಮೂರನೇ ಸುತ್ತಿನಲ್ಲಿ ಎರಡೂ ಕಡೆಯವರು ಒಪ್ಪಿಕೊಂಡರು. ಅಮ್ಮ ಕಾಫಿ ಸೋಸಿ ಕೊಟ್ಟಳು. ಆಸ್ಪತ್ರೆ ಸೇರುವಷ್ಟರಲ್ಲಿ ಬೆರಳು ಕೂಡಿಸುವ ಹೊತ್ತು ಮೀರಿತ್ತು.

ಯಾರೂ ಹೇಳದ ಕತೆ ಒಂದಿತ್ತು, ಅದು ನನ್ನದು. ನಾನು ಕೃಷಿ ಕಾಲೇಜಿಗೆ ಹೋಗಿದ್ದೇ ನಮ್ಮ ಹೊಲಕ್ಕಾಗಿ. ಓದು ಮುಗಿಸಿ, ಪಟ್ಟಣದ ಬಿತ್ತನೆ ಬೀಜದ ಕಂಪನಿಯಲ್ಲಿ ಕೆಲಸಕ್ಕಿದ್ದಾಗ ಅಪ್ಪ ಒಂದು ದಿನ ಕೇಳಿದ:

"ರೊಂಡಾ, ಹೊಲ ನೀನು ನೋಡ್ಕೋತೀಯೇನೆ?"

"ಬೇಡಪ್ಪ, ನನಗ್ಯಾಕೆ," ಅಂದೆ. ಸುಗ್ಗಿ ಹಬ್ಬದ ಊಟಕ್ಕೆ ಹೋದಾಗ ಮತ್ತೆ ಕೇಳಿದ. ಮತ್ತೆ ಬೇಡ ಅಂದೆ, ಇನ್ನೂ ವಿನಯದಿಂದ. ಆಮೇಲೆ ಕಾಯುತ್ತಾ ಕೂತೆ. ಕ್ರಿಸ್‌ಮಸ್ ಬಂತು, ಈಸ್ಟರ್ ಬಂತು. ಇಡೀ ಮಧ್ಯಾಹ್ನ ಅವನ ಪಕ್ಕದಲ್ಲೇ ಕೂತು ಮಳೆಯ ವಿಷಯ ಮಾತಾಡಿದೆ. ಅಪ್ಪ ಹೊಲದ ಮಾತೇ ಎತ್ತಲಿಲ್ಲ. ಬೇಸಿಗೆಯಲ್ಲಿ ಹೊಲ ಅಣ್ಣ ಕರ್ಟಿಸ್‌ನ ಹೆಸರಿಗಾಯಿತು. ಅವನನ್ನು ಅಪ್ಪ ಲೆಕ್ಕಕ್ಕೆ ಸರಿಯಾಗಿ ಮೂರು ಸಲ ಕೇಳಿದ್ದ.

ಅಪ್ಪ ಹೋದ ಮೇಲೆ ಅಮ್ಮ ಹೇಳಿದಳು:

"ನಿಮ್ಮಪ್ಪ ಅಂದ್ರು, ಅವಳು ಪಟ್ಟಣದಲ್ಲಿ ಓದಿದವಳು, ಅವಳು ಬೇಡ ಅಂದ್ರೆ ಬೇಡ ಅಂತಲೇ ಅರ್ಥ ಅಂತ. ಯಾಕೆ, ನಿನಗೆ ಬೇಕಿತ್ತಾ?"

ಛೆ, ಇಲ್ಲಮ್ಮ ಅಂದೆ. ನಿಜ ಹೇಳು ಅಂದಳು. ಇಲ್ಲ ಅಂದೆ. ಅಷ್ಟರಲ್ಲಿ ಓವನ್ನಿನ ಗಂಟೆ ಹೊಡೆಯಿತು, ಅಮ್ಮ ಎದ್ದು ಹೋದಳು.

ಕರ್ಟಿಸ್‌ಗೆ ಮಣ್ಣೆಂದರೆ ಅಲರ್ಜಿ. ದೋಣಿ ಮಾರುವ ಅಂಗಡಿ ಅವನದು. ಹೊಲವನ್ನು ಪಕ್ಕದವರಿಗೆ ಗೇಣಿಗೆ ಕೊಟ್ಟು ವರ್ಷಕ್ಕೊಮ್ಮೆ ರಸ್ತೆಯಿಂದಲೇ ನೋಡಿ ಹೋಗುತ್ತಾನೆ. ಇವತ್ತು ಹ್ಯಾಮ್ ಬನ್ ತಿಂದು ಮುಗಿಸಿ, ಪಾದ್ರಿಗೂ ಡೆಲೋರಿಸ್ ಅತ್ತೆಗೂ ಕೇಳುವಂತೆ ಗಂಟಲು ಸರಿಮಾಡಿಕೊಂಡ.

"ರೊಂಡಾ, ಆ ಹೊಲ ನಿಜವಾಗ್ಲೂ ನಿನಗೇ ಸೇರಬೇಕಿತ್ತು. ಬೇಕಾದ್ರೆ ತಗೋ."

ಎಂಥ ಒಳ್ಳೆಯ ಮಗ ಎಂದು ಎಲ್ಲರೂ ತಲೆದೂಗಿದರು. ಅತ್ತೆ ನನ್ನ ಕಡೆ ತಿರುಗಿ ನನ್ನ 'ಬೇಡ'ಕ್ಕೆ ಕಾದಳು. ಆ ಮಾತು ನಾಲಿಗೆಯ ತುದಿಗೇ ಬಂದಿತ್ತು.

"ಆಯ್ತು, ಕೊಡು," ಅಂದೆ.

ಕರ್ಟಿಸ್ ನಕ್ಕ, ಕೆಮ್ಮಿದ, ಪಾದ್ರಿಯ ಮುಖ ನೋಡಿದ. ಪಾದ್ರಿ ತಮ್ಮ ಲೋಟದೊಳಗೆ ನೋಡಿಕೊಂಡರು.

"ಅಲ್ಲ, ನಿನಗೆ ಪಟ್ಟಣದಲ್ಲಿ ಕೆಲಸ ಇದೆಯಲ್ಲ?"

"ಬಿಟ್ಟು ಬರ್ತೀನಿ. ಸೋಮವಾರ ವಕೀಲರ ಹತ್ರ ಹೋಗೋಣ."

ಕೊಡುತ್ತೇನೆ ಅಂದದ್ದನ್ನು ಅರವತ್ತು ಜನರೆದುರು ಇಲ್ಲ ಅನ್ನುವ ಧೈರ್ಯ ನಮ್ಮ ವಂಶದಲ್ಲಿ ಇನ್ನೂ ಹುಟ್ಟಿಲ್ಲ. ಕರ್ಟಿಸ್ ಹೂಂ ಅಂದ. ನಾನು ಅಲ್ಲೇ ಕೂತು ಅಳಲು ಶುರುಮಾಡಿದೆ. ಅಮ್ಮನನ್ನು ನೆನೆದು ಅಳುತ್ತಿದ್ದಾಳೆ ಎಂದುಕೊಂಡು ಅತ್ತೆ ಬೆನ್ನು ಸವರಿದಳು. ಈ ಎರಡು ಮಾತನ್ನು ಅಪ್ಪ ಕೇಳಿದಾಗಲೇ ಆಡಿದ್ದರೆ, ಅವನ ಕೊನೆಯ ಹನ್ನೊಂದು ಬಿತ್ತನೆಗೂ ನಾನು ಅವನ ಜೊತೆಗಿರುತ್ತಿದ್ದೆ.