ತಣ್ಣಗಿದ್ದ ಇಸ್ತ್ರಿಪೆಟ್ಟಿಗೆ

ಒಂದೇ ಸೂರಿನಡಿ ಇಬ್ಬರು ವಾರಗಿತ್ತಿಯರು ಹದಿನೆಂಟು ವರ್ಷ ಜಗಳವಿಲ್ಲದೆ ಬಾಳಿದರು ಎಂದರೆ ಯಾರಾದರೂ ನಂಬುತ್ತಾರೆಯೇ? ಇವರು ಬಾಳಿದ್ದರು. ಆಮೇಲೆ ಮನೆಗೆ ಎರಡನೇ ರೂಟರ್ ಬಂತು.

ಮನೆ ರೈಲುಡಬ್ಬಿಯಂತೆ ಉದ್ದ. ಮುಂದಿನ ಕೋಣೆಯಲ್ಲಿ ಹಿರಿಯವಳ ಹೊಲಿಗೆ ಯಂತ್ರ, ಅದರ ಪಕ್ಕದಲ್ಲೇ ವೈಫೈ. ಹಿಂದಿನ ಎರಡು ಕೋಣೆಗಳಲ್ಲಿ ಕಿರಿಯವಳ ಸಂಸಾರ. ಅಲ್ಲಿಗೆ ಸಿಗ್ನಲ್ ಮುಟ್ಟುತ್ತಿರಲಿಲ್ಲ. ಹಾಗಾಗಿ ಕಿರಿಯವಳ ಮಗಳು, ಕಾಲೇಜು ಓದುವ ಗುಬ್ಬಿ, ದಿನಾ ಸಂಜೆ ಆರಕ್ಕೆ ಲ್ಯಾಪ್‌ಟಾಪ್ ಎತ್ತಿಕೊಂಡು ದೊಡ್ಡಮ್ಮನ ಮೇಜಿನ ತುದಿಗೆ ಬಂದು ಕೂರುತ್ತಿದ್ದಳು. ಓದು ಅರ್ಧ, ಹರಟೆ ಅರ್ಧ. ದೊಡ್ಡಮ್ಮನಿಗೆ ಮಕ್ಕಳಿಲ್ಲ. ಅಳತೆ ಕೊಡಲು ಬಂದವರು ಕೇಳಿದರೆ ‘ನನ್ನ ಮಗಳು’ ಎಂದುಬಿಡುತ್ತಿದ್ದಳು, ಯಾರೂ ತಿದ್ದಿರಲಿಲ್ಲ.

ಅಕ್ಕನಿಗೆ ಎಷ್ಟಂತ ತೊಂದರೆ ಕೊಡುವುದು ಎಂದು ಕಿರಿಯವಳು ಇನ್ನೊಂದು ರೂಟರ್ ಕೊಂಡು ತಂದಳು. ತೊಂದರೆಯಂತೆ, ತೊಂದರೆ! ತಂದವಳು ಅದನ್ನು ಮಗಳ ಮಂಚದ ಪಕ್ಕದಲ್ಲೇ ಇಟ್ಟಳು. ಕೆಂಪು ದೀಪ ಬಿಟ್ಟರೆ ಏನೂ ಬರಲಿಲ್ಲ. ಹಿರಿಯವಳು ಬಾಯಲ್ಲಿ ಅಯ್ಯೋ ಪಾಪ ಎಂದಳು, ಒಳಗೆ ಹಾಲು ಕುಡಿದಷ್ಟು ಸಂತೋಷವಾಯಿತು.

ಮೂರನೇ ದಿನ ಇಂಟರ್ನೆಟ್ಟಿನವನು ಬಂದು ನಕ್ಕ. ಸಿಗ್ನಲ್ಲೇ ಇಲ್ಲದ ಕಡೆ ಇಟ್ಟರೆ ಅದು ತಾನೇ ಏನನ್ನು ಹಂಚೀತು? ಸಿಗ್ನಲ್ ಇನ್ನೂ ಚೆನ್ನಾಗಿರುವಲ್ಲಿ, ನಡುವೆ ಇಡಬೇಕು ಎಂದ. ಆ ನಡು ಎಲ್ಲಿ ಬಂತು ಎಂದರೆ ಹೊಲಿಗೆ ಕೋಣೆಯ ಹಿಂಗೋಡೆಯಲ್ಲಿ, ಇಸ್ತ್ರಿ ಮೇಜಿನ ಮೇಲಿನ ಹಲಗೆಯಲ್ಲಿ. ಅಲ್ಲಿದ್ದದ್ದು ಒಂದೇ ಪ್ಲಗ್ಗು. ಹಸಿರು ದೀಪ ಹತ್ತಿತು. ಅಂದಿನಿಂದ ಗುಬ್ಬಿ ಬರಲಿಲ್ಲ.

ಹೊಟ್ಟೆಕಿಚ್ಚಿಗೆ ಬೇರೆ ಹೆಸರು ಯಾಕೆ ಹುಡುಕಬೇಕು? ಹಿಂದಿನ ಕೋಣೆಯಲ್ಲಿ ತಾಯಿ ಮಗಳು ನಕ್ಕರೆ ಇವಳ ಹೊಲಿಗೆ ಸೊಟ್ಟಗಾಗುತ್ತಿತ್ತು. ಹೆತ್ತದ್ದು ಅವಳೇ ಇರಬಹುದು, ಸಂಜೆಗಳು ನನ್ನವಲ್ಲವೇ ಎಂದು ಒಳಗೊಳಗೇ ಕುದಿದಳು. ಒಂದು ದಿನ ಇಸ್ತ್ರಿ ಮಾಡಲು ರೂಟರಿನ ಪಿನ್ನು ಕಿತ್ತಳು. ಹತ್ತು ನಿಮಿಷಕ್ಕೆ ಹೆಜ್ಜೆ ಸಪ್ಪಳ ಕೇಳಿತು. ಗುಬ್ಬಿ ಲ್ಯಾಪ್‌ಟಾಪ್ ಸಮೇತ ಬಂದು ತನ್ನ ಹಳೆಯ ಜಾಗದಲ್ಲಿ ಕೂತಳು.

ರುಚಿ ಹತ್ತಿತು. ಇಸ್ತ್ರಿ ದಿನ ಬಿಟ್ಟು ದಿನ ಶುರುವಾಯಿತು. ಮಡಿಸಿಟ್ಟ ಬಟ್ಟೆಗೂ ಇಸ್ತ್ರಿ. ಕೊನೆಕೊನೆಗೆ ಬಟ್ಟೆಯೂ ಬೇಡವಾಯಿತು, ಪಿನ್ನು ಕಿತ್ತರೆ ಸಾಕಾಯಿತು.

ಆ ಗುರುವಾರ ಹಿಂದಿನಿಂದ ನಗು ಜೋರಾಗಿಯೇ ಬಂತು. ಅದು ನಿಂತ ಮೇಲೂ ತಡೆಯಲಾರದೆ ಇವಳು ಕಿತ್ತಳು. ಈ ಸಲ ಗುಬ್ಬಿ ಓಡಿಯೇ ಬಂದಳು, ಮುಖ ಬಿಳಿಚಿತ್ತು. ಆನ್‌ಲೈನ್ ಪರೀಕ್ಷೆ ಆಗಷ್ಟೇ ಶುರುವಾಗಿತ್ತಂತೆ. ದೊಡ್ಡಮ್ಮನ ಬಾಯಿಗೆ ಅದೇ ಮಾತು ಬಂತು, "ಇಸ್ತ್ರಿ ಇತ್ತಲ್ಲಮ್ಮ."

ಗುಬ್ಬಿ ಇಸ್ತ್ರಿಪೆಟ್ಟಿಗೆಯ ಮೇಲೆ ಅಂಗೈ ಇಟ್ಟಳು. ತೆಗೆಯಲಿಲ್ಲ. ಅದು ತಣ್ಣಗಿತ್ತು.

ಏನಾಯಿತೇ ಎಂದು ತಾಯಿ ಹಿಂದಿನಿಂದ ಕೂಗಿದಳು. "ಏನಿಲ್ಲಮ್ಮ, ದೊಡ್ಡಮ್ಮ ಇಸ್ತ್ರಿ ಮಾಡ್ತಿದ್ರು," ಎಂದು ಗುಬ್ಬಿ ಉತ್ತರ ಕೊಟ್ಟಳು. ಪಿನ್ನನ್ನು ತಾನೇ ಚುಚ್ಚಿದಳು. ಮೇಜಿನ ತುದಿಯಲ್ಲಿ ಕೂತು, ಕಣ್ಣೊರೆಸಿಕೊಂಡು ಪರೀಕ್ಷೆ ಮುಗಿಸಿದಳು. ಎದ್ದು ಹೋಗುವಾಗ ಮೆಲ್ಲಗೆ ಹೇಳಿದಳು:

"ಕರೆದಿದ್ರೆ ಬರ್ತಿದ್ದೆ ದೊಡ್ಡಮ್ಮ."

ಶುಕ್ರವಾರ ಬರಲಿಲ್ಲ. ಶನಿವಾರವೂ ಇಲ್ಲ. ಹಲಗೆಯ ಮೇಲೆ ಹಸಿರು ದೀಪ ನೆಟ್ಟಗೆ ಉರಿಯುತ್ತಿತ್ತು, ಇವಳು ಅದರ ಹತ್ತಿರ ಸುಳಿಯಲಿಲ್ಲ. ಕರೆಯಬೇಕಂತೆ. ಇಷ್ಟು ವರ್ಷ ಕರೆದೇ ಗೊತ್ತಿರಲಿಲ್ಲ. ಸಿಗ್ನಲ್ಲೇ ಕರೆತಂದು ಕೂರಿಸುತ್ತಿತ್ತು.

ಭಾನುವಾರ ಸಂಜೆ ಆರಕ್ಕೆ ಯಂತ್ರ ನಿಲ್ಲಿಸಿ ನಡುಬಾಗಿಲಿಗೆ ಹೋಗಿ ನಿಂತಳು. ಎರಡು ಸಲ ಬಾಯಿ ತೆರೆದು ಮುಚ್ಚಿದಳು. ಅಷ್ಟರಲ್ಲಿ ಕಿರಿಯವಳೇ ಕೈ ಒರೆಸಿಕೊಳ್ಳುತ್ತಾ ಬಂದು, ಏನಕ್ಕ ಎಂದಳು.

ಹಿರಿಯವಳು ಹದಿನೆಂಟು ವರ್ಷದಲ್ಲಿ ಒಮ್ಮೆಯೂ ಆಡದ ಮಾತನ್ನು ಆಡಿದಳು.

"ನಿನ್ನ ಮಗಳನ್ನ ಸ್ವಲ್ಪ ಹೊತ್ತು ಕಳಿಸ್ತೀಯಾ?"