ಉಣ್ಣೆ ಯಾರಿಗೆ ಬೇಕು

ಹಟ್ಟಿಯ ಇಪ್ಪತ್ತೆರಡು ಮನೆಗಳ ಉಣ್ಣೆಯನ್ನು ವರ್ಷಾವರ್ಷ ಒಯ್ಯುತ್ತಿದ್ದ ವ್ಯಾಪಾರಿ ವಯಸ್ಸಾಯಿತೆಂದು ಕಸುಬು ಬಿಟ್ಟಿದ್ದ. ಸುದ್ದಿ ತಿಳಿದ ಪೇಟೆಯ ಮೂರು ಗಿರಣಿಗಳಿಂದ ಪತ್ರಗಳು ಬಂದಿದ್ದವು. ಯಾವುದಾದರೂ ಒಂದಕ್ಕೆ ಎರಡು ವರ್ಷ ಉಣ್ಣೆ ಹಾಕುತ್ತೇವೆಂದು ಮಾತು ಕೊಡಬೇಕಿತ್ತು.

ಉಣ್ಣೆಯ ವಿಷಯದಲ್ಲಿ ಹಟ್ಟಿಯವರು ಅಲ್ಲಿನ ಒಂದು ಮನೆಯ ಅತ್ತೆಯ ಕೈಯನ್ನು ನಂಬಿದವರು. ಒಂದು ಎಳೆಯನ್ನು ಬೆರಳಲ್ಲಿ ಹೊಸೆದು ಕೆಳತುಟಿಗೆ ತಾಗಿಸಿದರೆ ಸಾಕು, ಯಾವ ವಯಸ್ಸಿನ ಕುರಿ, ಎಲ್ಲಿ ಮೇಯ್ದದ್ದು ಎಂದು ಹೇಳಿಬಿಡುತ್ತಿದ್ದಳು. ಹೀಗಾಗಿ ಗಿರಣಿ ನೋಡಿಬರುವ ಕೆಲಸವೂ ಅವಳಿಗೇ ಬಂತು. ಓದು ಬಲ್ಲವಳೆಂದು ಅವಳ ಸೊಸೆಯನ್ನು ಜೊತೆಗೆ ಕಳಿಸಿದರು.

ಸೊಸೆ ಹೊರಡುವ ಮುಂಚೆಯೇ ಪುಸ್ತಕದಲ್ಲಿ ಪ್ರಶ್ನೆಗಳನ್ನು ಬರೆದುಕೊಂಡಿದ್ದಳು. ಏನು ತಯಾರಿಸುತ್ತಾರೆ, ಯಾರು ಕೊಳ್ಳುತ್ತಾರೆ, ಹಳೇ ಕುರಿಗಾರರು ಇನ್ನೂ ಅಲ್ಲಿಗೇ ಹಾಕುತ್ತಾರಾ, ಬಿಟ್ಟವರು ಯಾಕೆ ಬಿಟ್ಟರು.

"ನಿನ್ನನ್ನ ಮನೆಗೆ ತರುವಾಗಲೂ ನಾನು ಇಷ್ಟು ಪ್ರಶ್ನೆ ಕೇಳಿರಲಿಲ್ಲ ಕಣೆ," ಎಂದಳು ಅತ್ತೆ ಬಸ್ಸಿನಲ್ಲಿ.

"ಅದಕ್ಕೇ ಅತ್ತೆ, ಈಗ ಅನುಭವಿಸ್ತಿದ್ದೀರಿ."

ಅತ್ತೆ ನಕ್ಕ ನಗುವಿಗೆ ಮುಂದಿನ ಸೀಟಿನವರು ತಿರುಗಿ ನೋಡಿದರು.

ಮೊದಲನೆಯದು ಪತ್ರದಲ್ಲಷ್ಟೇ ಗಿರಣಿ. ಹೋಗಿ ನೋಡಿದರೆ ಒಂದು ಕೋಣೆ, ಎರಡು ಮೇಜು. ಯಂತ್ರದ ಸದ್ದೇ ಇಲ್ಲ. ಇವರಿಂದ ಕೊಂಡು ಇನ್ನೊಬ್ಬರಿಗೆ ಮಾರುವವರು. ಸೊಸೆ ಆ ಹೆಸರಿನ ಮೇಲೆ ಗೀಟು ಎಳೆದಳು.

ಎರಡನೆಯದು ಶಾಲು ನೇಯುವ ಗಿರಣಿ. ನೆಲ ಕನ್ನಡಿಯಂತಿತ್ತು. ಗುಮಾಸ್ತ ಕುರ್ಚಿ ಹಾಕಿ ಕೂರಿಸಿ, ಗಾಜಿನ ಪೆಟ್ಟಿಗೆಯಿಂದ ಒಂದು ಹಿಡಿ ಉಣ್ಣೆ ತೆಗೆದುಕೊಟ್ಟ. ಅತ್ತೆ ಅದನ್ನು ತುಟಿಗೆ ತಾಗಿಸಿ ಕಣ್ಣು ಮುಚ್ಚಿದಳು.

"ಬೆಣ್ಣೆ ಕಣೆ ಇದು, ಬೆಣ್ಣೆ! ಇಂಥ ಉಣ್ಣೆ ಗೊತ್ತಿರೋರಿಗೇ ಕೊಡಬೇಕು ನಾವು."

"ಇದು ಯಾವ ಕಡೆ ಕುರೀದು ಸ್ವಾಮಿ?" ಸೊಸೆ ಕೇಳಿದಳು.

"ಹಡಗಲ್ಲಿ ಬರುತ್ತಮ್ಮ, ದೂರದಿಂದ."

"ಮತ್ತೆ ನಮ್ಮಂಥ ಒರಟು ಉಣ್ಣೆ ಏನು ಮಾಡ್ತೀರಿ?"

ಗುಮಾಸ್ತ ಪೆನ್ನಿನ ಮುಚ್ಚಳ ತೆಗೆದು ಮತ್ತೆ ಹಾಕಿದ. "ತಗೋತೀವಿ... ಆರಿಸಿ ತಗೋತೀವಿ."

ಅತ್ತೆಯ ಕಿವಿ ಅಲ್ಲಿರಲಿಲ್ಲ. ಆ ಹಿಡಿಯನ್ನು ವಾಪಸು ಕೊಡಲು ಅವಳಿಗೆ ಮನಸ್ಸೇ ಬರಲಿಲ್ಲ. ಸೊಸೆಗೆ ದಿಗಿಲಾಯಿತು. ಅತ್ತೆ ಹಟ್ಟಿಯಲ್ಲಿ ಇದೇ ಗಿರಣಿ ಎಂದುಬಿಟ್ಟರೆ ಮುಗಿಯಿತು, ಪುಸ್ತಕವನ್ನು ಯಾರೂ ಬಿಡಿಸಿ ನೋಡುವುದಿಲ್ಲ.

ಹೊರಗೆ ಲಾರಿ ನಿಲ್ಲಿಸಿ ಎಲೆಯಡಿಕೆ ಜಗಿಯುತ್ತಿದ್ದವನನ್ನು ಹೋಗಿ ಮಾತಾಡಿಸಿದಳು. "ಅಣ್ಣಾ, ಇಲ್ಲಿಗೆ ಹಳ್ಳಿ ಉಣ್ಣೆ ತರ್ತೀರಲ್ಲ, ವಾಪಸ್ ಎಷ್ಟು ಹೋಗುತ್ತೆ?"

"ಹತ್ತು ಮೂಟೆ ತಂದ್ರೆ ಆರು ವಾಪಸ್ಸು. ಕೆಲವು ಮೂಟೆಗೆ ನನಗಿಂತ ಚೆನ್ನಾಗಿ ದಾರಿ ಗೊತ್ತು ಬಿಡಮ್ಮ."

ಹಿಂದೆಯೇ ಬಂದಿದ್ದ ಅತ್ತೆಗೂ ಅದು ಕೇಳಿಸಿತು.

ಮೂರನೆಯದು ನೆಲಹಾಸಿನ ಗಿರಣಿ. ಒಳಗೆ ಕಾಲಿಟ್ಟರೆ ಧೂಳು, ಸದ್ದು, ಕೂರಿ ಎನ್ನುವವರಿಲ್ಲ. ಮೇಸ್ತ್ರಿ ಉಣ್ಣೆಯ ರಾಶಿಯನ್ನು ತುಳಿದುಕೊಂಡೇ ಎದುರು ಬಂದ.

"ಉಣ್ಣೆ ಮೇಲೆ ಚಪ್ಪಲಿ ಕಾಲು! ಥೂ, ನಡಿಯೇ ಹೋಗೋಣ," ಎಂದಳು ಅತ್ತೆ.

"ಒಂದು ನಿಮಿಷ ಅತ್ತೆ." ಸೊಸೆ ಚೀಲದಿಂದ ಹಟ್ಟಿಯ ಉಣ್ಣೆ ತೆಗೆದು ಅವನ ಕೈಗಿತ್ತಳು.

ಅವನು ಅದನ್ನು ಮುಷ್ಟಿಯಲ್ಲಿ ಹಿಂಡಿ ಬಿಟ್ಟ. ಅದು ಮೆಲ್ಲಗೆ ಮತ್ತೆ ಉಬ್ಬಿ ನಿಂತಿತು. ಇನ್ನೊಮ್ಮೆ ಹಿಂಡಿದ. ಮತ್ತೆ ಉಬ್ಬಿತು. ಅವನ ಮುಖ ಅರಳಿತು.

"ನೋಡಿ ದೊಡ್ಡಮ್ಮ, ಮೆತ್ತಗಿರೋದನ್ನ ಹಾಸಿದ್ರೆ ವರ್ಷಕ್ಕೇ ಸವೆದು ಬೋಳಾಗುತ್ತೆ. ಇದು ತುಳಿದ್ರೂ ಎದ್ದೇಳುತ್ತೆ. ಎಷ್ಟಿದೆ ನಿಮ್ಮಲ್ಲಿ?"

ಅತ್ತೆ ಅದೇ ಉಣ್ಣೆಯನ್ನು ಅವನಿಂದ ತೆಗೆದುಕೊಂಡಳು. ತುಟಿಗೆ ಒಯ್ಯಲಿಲ್ಲ. ಅವನು ಮಾಡಿದಂತೆಯೇ ಹಿಂಡಿ ಬಿಟ್ಟು ನೋಡಿದಳು, ಮೂರು ಸಲ. ಅಷ್ಟರಲ್ಲಿ ಸೊಸೆ ಆ ಗಿರಣಿಗೆ ಹದಿನಾಲ್ಕು ವರ್ಷದಿಂದ ಉಣ್ಣೆ ಹಾಕುತ್ತಾ ಬಂದವರ ಊರು, ವಿಳಾಸ ಬರೆದುಕೊಂಡಳು. ಬರುವ ದಾರಿಯಲ್ಲೇ ಇಳಿದು ಅವರನ್ನೂ ಕಂಡು ಮಾತಾಡಿಸಿದ್ದಾಯಿತು; ಒಂದು ಮೂಟೆಯೂ ವಾಪಸು ಬಂದದ್ದಿಲ್ಲ ಎಂದರು ಅವರು.

ಮರುದಿನ ಬೆಳಿಗ್ಗೆ ಹಟ್ಟಿಯವರು ಸೇರಿದರು. ಹಿರಿಯ ಗಡ್ಡದಜ್ಜ ಕೇಳಿದ, "ಏನವ್ವಾ, ಕೈ ಏನು ಹೇಳ್ತು?"

ಸೊಸೆ ಪುಸ್ತಕವನ್ನು ಮಡಿಲಲ್ಲಿ ಬಿಗಿಯಾಗಿ ಹಿಡಿದು ಕೂತಿದ್ದಳು.

"ಕೈ ಮರುಳಾಗಿತ್ತು ಅಜ್ಜಾ," ಎಂದಳು ಅತ್ತೆ. "ಪರರ ಉಣ್ಣೆ ಮುಟ್ಟಿ, ನಮ್ಮದನ್ನ ಮರೆತೇಬಿಟ್ಟಿತ್ತು. ಯಾರು ಏನು ಮಾಡ್ತಾರೆ, ಯಾರಿಗೆ ನಮ್ಮದು ಬೇಕು ಅಂತ ಇವಳು ಕೇಳಿಕೊಂಡು ಬಂದಿದ್ದಾಳೆ. ಓದೇ. ಜೋರಾಗಿ ಓದು, ಅಜ್ಜನಿಗೆ ಕಿವಿ ಮಂದ."

"ಮಂದ ಏನಿಲ್ಲ!" ಎಂದ ಅಜ್ಜ. ಎಲ್ಲರೂ ನಕ್ಕರು. ಸೊಸೆ ಓದಿದಳು. ನೆಲಹಾಸಿನ ಗಿರಣಿಗೇ ಮಾತು ಕೊಡುವುದೆಂದಾಯಿತು.

ಮುಂದಿನ ವಾರ ಮೂಟೆ ಕಟ್ಟುವಾಗ ಅತ್ತೆ ಎಂದಿನಂತೆ ಮುಂದೆ ಕೂತಳು. ನೋಡುವವರ ಕಣ್ಣಿಗೆ ಮೊದಲು ಬೀಳಲೆಂದು ನುಣುಪಾದ ಉಣ್ಣೆಯನ್ನು ಮೂಟೆಯ ಮೇಲಿಡುವುದು ಅವಳತ್ತೆಯ ಕಾಲದಿಂದ ಬಂದ ರೂಢಿ. ಈ ಸಲ ಹಿಂಡಿ ಹಿಂಡಿ ನೋಡಿ, ಚೆನ್ನಾಗಿ ಉಬ್ಬಿ ನಿಂತದ್ದನ್ನೇ ಆರಿಸಿ ಮೇಲಿಟ್ಟಳು. ಸೊಸೆ ಮೂಟೆಯ ಬಾಯಿ ಹೊಲಿದಳು.